ಆಟೋದವರ ಬೆಂಗಳೂರು ಎಲ್ಲಿಗೆ ಮುಗಿಯುತ್ತದೆ?

ಬೆಂಗಳೂರಿನಲ್ಲಿ ಖಾಲಿ ಆಟೋ ಸಿಗುವುದು ಕಷ್ಟವಲ್ಲ, ಹೋಗಬೇಕಾದ ಕಡೆಗೆ ಆಟೋ ಸಿಗುವುದು ಕಷ್ಟ. ಕೈ ಅಡ್ಡ ಹಿಡಿದರೆ ಗಾಡಿ ನಿಧಾನವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಚಾಲಕರು ತಲೆ ಹೊರಗೆ ಹಾಕಿ "ಎಲ್ಲಿಗೆ?" ಎನ್ನುತ್ತಾರೆ. ಊರ ಹೆಸರು ಕಿವಿಗೆ ಬಿದ್ದ ಕ್ಷಣವೇ ತೀರ್ಮಾನ ಆಗಿರುತ್ತದೆ. ಬೇಡ ಎಂದು ತಲೆಯಾಡಿಸಿ ಗೇರ್ ಹಾಕುತ್ತಾರೆ, ಇಲ್ಲವೇ "ಆ ಕಡೆ ರಿಟರ್ನ್ ಸಿಗಲ್ಲ, ಡಬಲ್ ಕೊಡಿ" ಎನ್ನುತ್ತಾರೆ. ಆಸ್ಪತ್ರೆಗೆಂದು ಹಳ್ಳಿಯಿಂದ ಬಂದವರು, ಮಕ್ಕಳನ್ನೂ ಚೀಲವನ್ನೂ ಹಿಡಿದು ರಾತ್ರಿ ಬಸ್ಸಿನಿಂದ ಇಳಿದವರು, ಮಳೆಯಲ್ಲಿ ನಿಂತ ಹಿರಿಯರು ಇದರಿಂದ ಹೆಚ್ಚು ಸೋಲುತ್ತಾರೆ.

ಈ ನಿರಾಕರಣೆಯನ್ನು ಚಾಲಕರ ಸ್ವಭಾವದ ದೋಷವೆಂದು ತಿಳಿದು ಜಗಳಕ್ಕೆ ಇಳಿದರೆ ಕೆಲಸ ಆಗುವುದು ಅಪರೂಪ. ಅದರ ಹಿಂದೆ ಒಂದು ಲೆಕ್ಕವಿದೆ. ಲೆಕ್ಕ ಗೊತ್ತಿದ್ದವರಿಗೆ ಎಲ್ಲಿ ನಿಲ್ಲಬೇಕು, ಯಾವಾಗ ಕರೆಯಬೇಕು, ಎಲ್ಲಿಯತನಕ ಹಟ ಹಿಡಿಯಬೇಕು ಎಂಬುದೂ ಗೊತ್ತಾಗುತ್ತದೆ.

ನಗರದ ಗಡಿ, ಚಾಲಕರ ಗಡಿ

1537ರಲ್ಲಿ ಕೆಂಪೇಗೌಡರು ಕಟ್ಟಿದ ಊರಿಗೆ ದೊಡ್ಡಪೇಟೆ, ಚಿಕ್ಕಪೇಟೆಗಳ ಚೌಕವೇ ನಡುಮಧ್ಯ. ಲಾಲ್‌ಬಾಗ್, ಹಲಸೂರು, ಕೆಂಪಾಂಬುಧಿ ಕೆರೆ ಮತ್ತು ಮೇಖ್ರಿ ವೃತ್ತದ ಬಳಿಯ ನಾಲ್ಕು ಗೋಪುರಗಳನ್ನು ಊರಿನ ಎಲ್ಲೆಯ ಗುರುತು ಎಂದು ಹೇಳುವುದು ವಾಡಿಕೆ. ಆ ನಾಲ್ಕೂ ಇಂದು ನಗರದ ಒಳಗೆ ಹೂತುಹೋಗಿವೆ. 1809ರಲ್ಲಿ ದಂಡು ಪ್ರದೇಶ ಹುಟ್ಟಿ ಇನ್ನೊಂದು ಕೇಂದ್ರವಾಯಿತು. 1949ರಲ್ಲಿ ಪೇಟೆ ಮತ್ತು ದಂಡು ಒಂದೇ ನಗರಪಾಲಿಕೆಯ ಕೆಳಗೆ ಬಂದವು. ಹೀಗಾಗಿ ಮೆಜೆಸ್ಟಿಕ್ ಸುತ್ತ ಒಂದು ನಡುಭಾಗ, ಎಂ.ಜಿ. ರಸ್ತೆ ಮತ್ತು ಶಿವಾಜಿನಗರದ ಸುತ್ತ ಇನ್ನೊಂದು ನಡುಭಾಗ ಇಂದಿಗೂ ಉಳಿದಿವೆ. 2007ರಲ್ಲಿ ಸುತ್ತಲಿನ ಪುರಸಭೆಗಳೂ ನೂರಕ್ಕೂ ಹೆಚ್ಚು ಹಳ್ಳಿಗಳೂ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯಿತು. 2025ರಲ್ಲಿ ಅದರ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು, ಅದರಡಿ ಐದು ನಗರಪಾಲಿಕೆಗಳಾದವು.

ಈ ಗಡಿಗಳು ತೆರಿಗೆಗೆ, ಕಸಕ್ಕೆ, ಚುನಾವಣೆಗೆ ಬೇಕು. ಆಟೋ ಚಾಲಕರಿಗೆ ನಗರ ಮುಗಿಯುವುದು ಬೇರೆ ಕಡೆ: ಒಬ್ಬರನ್ನು ಇಳಿಸಿದ ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಹತ್ತುವ ಭರವಸೆ ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೆ.

ಬೇರೆ ದೊಡ್ಡ ನಗರಗಳಲ್ಲೂ ಇದೇ ತಕರಾರು ಇದೆ. ಲಂಡನ್ ಅದಕ್ಕೊಂದು ಅಳತೆಯನ್ನೇ ಹಾಕಿಕೊಂಡಿದೆ. ಅಲ್ಲಿ ದೂರ ಅಳೆಯುವ ನಡುಬಿಂದು ಚೇರಿಂಗ್ ಕ್ರಾಸ್. ಕಪ್ಪು ಟ್ಯಾಕ್ಸಿಯವರು ಬಾಡಿಗೆ ಒಪ್ಪಲೇಬೇಕಾದ ದೂರ 12 ಮೈಲಿ; ಹೀಥ್ರೊ ವಿಮಾನ ನಿಲ್ದಾಣದಿಂದ ಹೊರಟರೆ 20 ಮೈಲಿ. ಆದರೂ ರಾತ್ರಿ ಹೊತ್ತು ಥೇಮ್ಸ್ ನದಿಯ ದಕ್ಷಿಣಕ್ಕೆ ಬರುವುದಿಲ್ಲ ಎಂಬುದು ಅಲ್ಲಿನ ಚಾಲಕರ ಮೇಲಿನ ಹಳೆಯ ದೂರು. ಕನ್ನಡಿಗ ಪ್ರವಾಸಿಗರು ತಪ್ಪದೆ ಹೋಗುವ ಬಸವೇಶ್ವರರ ಪ್ರತಿಮೆ, 2015ರ ನವೆಂಬರ್‌ನಲ್ಲಿ ಅನಾವರಣಗೊಂಡದ್ದು, ಅದೇ ದಕ್ಷಿಣ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿದೆ. ಚೇರಿಂಗ್ ಕ್ರಾಸ್‌ನಿಂದ ಅದು ಎರಡು ಮೈಲಿಯೊಳಗೇ ಇರುವುದರಿಂದ ನಿಂತ ಕಪ್ಪು ಟ್ಯಾಕ್ಸಿಯವರು ದೂರದ ನೆಪ ಹೇಳುವಂತಿಲ್ಲ. ಬೆಂಗಳೂರಿನ ಸಾಮಾನ್ಯ ಪ್ರಯಾಣಿಕರ ಬಾಯಲ್ಲಿ ಅಂಥ ಒಂದು ಸಂಖ್ಯೆ ಇಲ್ಲ. ಚೌಕಾಸಿಗೆ ಜಾಗ ಸಿಕ್ಕಿರುವುದೇ ಅಲ್ಲಿ.

ಚಾಲಕರು ಹಾಕುವ ಲೆಕ್ಕ

2025ರ ಆಗಸ್ಟ್ 1ರಿಂದ ಬೆಂಗಳೂರಿನ ಆಟೋ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18 ರೂಪಾಯಿ. 14 ಕಿ.ಮೀ. ದೂರದ ಒಂದು ಬಡಾವಣೆಗೆ ಮೀಟರ್ ತೋರಿಸುವುದು 252 ರೂಪಾಯಿ. ಅಲ್ಲಿಂದ ಮತ್ತೊಂದು ಬಾಡಿಗೆ ಸಿಕ್ಕರೆ ಚಾಲಕರಿಗೆ ಕಿ.ಮೀ.ಗೆ 18 ರೂಪಾಯಿ ದಕ್ಕುತ್ತದೆ. ಸಿಗದೆ ಅಷ್ಟೂ ದೂರ ಖಾಲಿ ಬಂದರೆ 28 ಕಿ.ಮೀ. ಓಡಿದ್ದಕ್ಕೆ ಅದೇ 252 ರೂಪಾಯಿ, ಅಂದರೆ ಕಿ.ಮೀ.ಗೆ 9. ಗ್ಯಾಸ್, ಸವಕಳಿ, ಬಾಡಿಗೆ ಗಾಡಿಯಾದರೆ ಮಾಲೀಕರಿಗೆ ಕಟ್ಟಬೇಕಾದ ದಿನದ ಹಣ, ಎಲ್ಲವೂ ಇದರಲ್ಲೇ ಆಗಬೇಕು. "ಡಬಲ್ ಕೊಡಿ" ಎನ್ನುವ ಬೇಡಿಕೆ ಹುಟ್ಟುವುದು ಇಲ್ಲಿಂದ. ಬೇಡಿಕೆ ಕಾನೂನಿಗೆ ವಿರುದ್ಧ. ಆದರೆ ಅದು ಸುಮ್ಮನೆ ಹುಟ್ಟಿದ್ದಲ್ಲ ಎಂಬುದನ್ನೂ ಒಪ್ಪಬೇಕು.

ಹತ್ತಿರದ ಬಾಡಿಗೆಯನ್ನೂ ಬಿಡುತ್ತಾರಲ್ಲ ಎಂಬ ಪ್ರಶ್ನೆಗೆ ಉತ್ತರ ಕಾಯುವಿಕೆಯ ದರದಲ್ಲಿದೆ. ಮೊದಲ 5 ನಿಮಿಷ ಉಚಿತ, ನಂತರ ಪ್ರತಿ 15 ನಿಮಿಷಕ್ಕೆ 10 ರೂಪಾಯಿ. ಈ ದರದಲ್ಲಿ ಗಾಡಿ ಒಂದು ಗಂಟೆ ನಿಂತರೆ ಸಿಗುವುದು ಸುಮಾರು 40 ರೂಪಾಯಿ ಅಷ್ಟೇ. ಸಂಜೆ ಆರರ ಹೊತ್ತಿಗೆ ಸಿಲ್ಕ್ ಬೋರ್ಡ್ ಅಥವಾ ಹೆಬ್ಬಾಳದ ಕಡೆ ಎಂದರೆ ಮುಖ ತಿರುಗಿಸುವುದಕ್ಕೆ ದೂರ ಕಾರಣವಲ್ಲ, ಜಾಮ್ ಕಾರಣ. ದೂರಕ್ಕೆ ಬೆಲೆ ಕಟ್ಟಿ ಸಮಯಕ್ಕೆ ಬೆಲೆ ಕಟ್ಟದ ಈ ದರಪಟ್ಟಿ, ನಿಂತು ನಿಂತು ಸಾಗುವ ಊರಿಗೆ ಒಪ್ಪುವಂಥದ್ದಲ್ಲ.

ಮೂರನೆಯ ಕಾರಣ ಗಾಡಿ ಬಿಡುವ ಹೊತ್ತು. ಬಾಡಿಗೆ ಆಟೋ ಓಡಿಸುವವರು ನಿಗದಿತ ಸಮಯಕ್ಕೆ ಅದನ್ನು ಮಾಲೀಕರಿಗೆ ಒಪ್ಪಿಸಬೇಕು. ಆ ಹೊತ್ತು ಹತ್ತಿರವಾದಂತೆ ಅವರು ಮನೆ ಕಡೆಯ ಬಾಡಿಗೆಯನ್ನಷ್ಟೇ ಹುಡುಕುತ್ತಾರೆ. "ಗಾಡಿ ಬಿಡಬೇಕು", "ಗ್ಯಾಸ್ ಹಾಕಿಸಬೇಕು" ಎಂಬ ಮಾತುಗಳಲ್ಲಿ ನೆಪವೂ ಇರುತ್ತದೆ, ನಿಜವೂ ಇರುತ್ತದೆ.

ಗಡಿ ವೃತ್ತಾಕಾರವಾಗಿಲ್ಲ

ಹೆಬ್ಬಾಳ, ಕೆ.ಆರ್. ಪುರ, ಮಾರತ್ತಹಳ್ಳಿ, ಸಿಲ್ಕ್ ಬೋರ್ಡ್, ಬನಶಂಕರಿ, ನಾಯಂಡಹಳ್ಳಿ, ಗೊರಗುಂಟೆಪಾಳ್ಯಗಳನ್ನು ಸುತ್ತಿ ಬರುವ ಸುಮಾರು 60 ಕಿ.ಮೀ. ಹೊರವರ್ತುಲ ರಸ್ತೆಯನ್ನು ಚಾಲಕರ ಗಡಿ ಎಂದು ಸ್ಥೂಲವಾಗಿ ಹಿಡಿಯಬಹುದು. ಅದರೊಳಗೆ ನಿರಾಕರಣೆ ಬಹುಪಾಲು ಜಾಮ್‌ನದು, ಅದರಾಚೆ ಬಹುಪಾಲು ರಿಟರ್ನ್‌ನದು.

ಆದರೆ ಸ್ಥೂಲ ಲೆಕ್ಕ ಎಲ್ಲ ಕಡೆ ನಿಲ್ಲುವುದಿಲ್ಲ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಕೆಂಗೇರಿ, ಯಲಹಂಕ ದೂರದವೇ. ಅಲ್ಲಿ ಜನರ ಓಡಾಟ ಜೋರಾಗಿರುವುದರಿಂದ ಚಾಲಕರಿಗೆ ವಾಪಸ್ ಬಾಡಿಗೆಯ ಆಸೆ ಇರುತ್ತದೆ. ಅದಕ್ಕಿಂತ ಹತ್ತಿರವಿದ್ದರೂ ಮುಖ್ಯರಸ್ತೆಯಿಂದ ಎರಡು ಮೂರು ಕಿ.ಮೀ. ಒಳಗೆ ಸರಿದ ಬಡಾವಣೆಗಳಿಗೆ ಹೋಗಲು ಅವರು ಹಿಂಜರಿಯುತ್ತಾರೆ. ಮನೆಗಳು ಅಲ್ಲೊಂದು ಇಲ್ಲೊಂದು ಎದ್ದಿರುವ, ರಸ್ತೆ ದೀಪ ಪೂರ್ತಿ ಬಂದಿರದ ಹೊಸ ಬಡಾವಣೆಯಾದರೆ ಇನ್ನೂ ಕಷ್ಟ. ಚಾಲಕರ ನಗರ ಮುಖ್ಯರಸ್ತೆಗಳ ಉದ್ದಕ್ಕೂ ದೂರಕ್ಕೆ ಚಾಚಿಕೊಂಡು, ಆ ರಸ್ತೆಗಳ ನಡುವಿನ ಜಾಗದಲ್ಲಿ ಬೇಗ ಮುಗಿದುಹೋಗುತ್ತದೆ.

ಹೊತ್ತಿಗೆ ತಕ್ಕಂತೆಯೂ ಗಡಿ ಸರಿಯುತ್ತದೆ. ಬೆಳಿಗ್ಗೆ ಎಂಟಕ್ಕೆ ಹೊರಬಡಾವಣೆಯಿಂದ ಒಳಗೆ ಬರಲು ಜನ ಸಾಲುಗಟ್ಟಿರುತ್ತಾರೆ. ಆಗ ಆ ಕಡೆ ಹೋಗುವ ಬಾಡಿಗೆಗೆ ಚಾಲಕರ ತಕರಾರು ಕಡಿಮೆ. ರಾತ್ರಿ ಹತ್ತಕ್ಕೆ ಅದೇ ಬಡಾವಣೆಯಿಂದ ವಾಪಸ್ ಬರುವವರು ವಿರಳ. ಮನೆ ತಲುಪಲು ಆಟೋ ಬೇಕಾಗುವುದು ಹೆಚ್ಚಾಗಿ ಈ ಎರಡನೆಯ ಹೊತ್ತಿನಲ್ಲೇ.

ಕಾನೂನು ಹೇಳುವುದೇನು

ಮೋಟಾರು ವಾಹನ ಕಾಯ್ದೆ, 1988ರ 178(3)ನೇ ಕಲಮಿನ ಪ್ರಕಾರ, ಬಾಡಿಗೆಗೆ ಓಡುವ ಗಾಡಿಯ ಪರ್ಮಿಟ್‌ದಾರರಾಗಲಿ ಚಾಲಕರಾಗಲಿ ನಿಯಮಕ್ಕೆ ವಿರುದ್ಧವಾಗಿ ಪ್ರಯಾಣಿಕರನ್ನು ನಿರಾಕರಿಸುವುದು ಅಪರಾಧ. ಈ ಕಲಮಿನಡಿ ಮೂರು ಚಕ್ರದ ಗಾಡಿಗೆ ಗರಿಷ್ಠ ದಂಡ 50 ರೂಪಾಯಿ. ಟ್ಯಾಕ್ಸಿಗೆ ಇದ್ದ 200 ರೂಪಾಯಿಯನ್ನು 2019ರ ತಿದ್ದುಪಡಿ 500ಕ್ಕೆ ಏರಿಸಿತು. 3 ಕಿ.ಮೀ. ಆಟೋ ಬಾಡಿಗೆಯೇ 54 ರೂಪಾಯಿ ಆಗಿರುವಾಗ, ಒಲ್ಲೆ ಎಂದದ್ದಕ್ಕೆ 50 ರೂಪಾಯಿ ದಂಡ ಯಾರನ್ನು ತಡೆಯುತ್ತದೆ? ಕಾಯ್ದೆಯ ಈ ಭಾಗವನ್ನು ತುರ್ತಾಗಿ ತಿದ್ದಬೇಕು. ದೂರಿನ ಬಲ ಇರುವುದು ದಂಡದ ಮೊತ್ತದಲ್ಲಲ್ಲ, ಗಾಡಿ ಸಂಖ್ಯೆಯ ಮೇಲೆ ಪ್ರಕರಣ ದಾಖಲಾಗುವುದರಲ್ಲಿ.

ಚಾಲಕರು ನ್ಯಾಯವಾಗಿಯೇ ಒಲ್ಲೆ ಎನ್ನಬಹುದಾದ ಸಂದರ್ಭಗಳೂ ಇವೆ. ಬೇರೆಯವರ ಬಾಡಿಗೆ ಒಪ್ಪಿಕೊಂಡಿದ್ದರೆ, ಆಟೋಗೆ ಮೂವರಿಗಿಂತ ಹೆಚ್ಚು ಪ್ರಯಾಣಿಕರಿದ್ದರೆ, ಹೋಗಬೇಕಾದ ಊರು ಪರ್ಮಿಟ್‌ನಲ್ಲಿ ನಮೂದಾದ ವ್ಯಾಪ್ತಿಯ ಹೊರಗಿದ್ದರೆ ಒತ್ತಾಯಿಸುವಂತಿಲ್ಲ. ರಿಟರ್ನ್ ಸಿಗುವುದಿಲ್ಲ, ಜಾಮ್ ಇದೆ, ಹತ್ತಿರವಾಯಿತು ಎಂಬುವು ಕಾನೂನು ಒಪ್ಪುವ ಕಾರಣಗಳಲ್ಲ.

ಆ್ಯಪ್ ಕಂಪನಿಗಳಿಗಾಗಿ ಕೇಂದ್ರ ಸರ್ಕಾರ 2025ರ ಜುಲೈಯಲ್ಲಿ ಹೊರಡಿಸಿದ ಮಾರ್ಗಸೂಚಿ, ಸರಿಯಾದ ಕಾರಣವಿಲ್ಲದೆ ಒಪ್ಪಿದ ಬಾಡಿಗೆಯನ್ನು ರದ್ದು ಮಾಡಿದವರಿಗೆ ಬಾಡಿಗೆಯ ಶೇ 10ರಷ್ಟು, ಗರಿಷ್ಠ 100 ರೂಪಾಯಿ ದಂಡ ಎನ್ನುತ್ತದೆ. ಇದು ಚಾಲಕರಿಗೂ ಅನ್ವಯ, ಪ್ರಯಾಣಿಕರಿಗೂ ಅನ್ವಯ. ಅದೇ ಮಾರ್ಗಸೂಚಿ ಕನಿಷ್ಠ ಬಾಡಿಗೆಯನ್ನು 3 ಕಿ.ಮೀ.ಗೆ ಲೆಕ್ಕ ಹಿಡಿಯಬೇಕು ಎಂದೂ ಹೇಳಿದೆ. ಕಾರಣ: ಪ್ರಯಾಣಿಕರಿಲ್ಲದೆ ಓಡುವ ದೂರಕ್ಕೂ ಚಾಲಕರಿಗೆ ಏನಾದರೂ ಸಿಗಲಿ ಎಂಬುದು. ಖಾಲಿ ಓಟದ ಪೆಟ್ಟನ್ನು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ಇದನ್ನು ಅಳವಡಿಸಿಕೊಳ್ಳುವ ಹೊಣೆ ರಾಜ್ಯಗಳದು.

ಹೊರಡುವ ಮುನ್ನ ಬಾಯಲ್ಲಿರಬೇಕಾದ ದರ

ಆಟೋ ದರವನ್ನು ಲೆಕ್ಕ ಹಾಕಲು ಕಾಗದ ಬೇಕಿಲ್ಲ. 36 ಎಂದರೆ 18ರ ಎರಡು ಪಟ್ಟು. ಆದ್ದರಿಂದ 2 ಕಿ.ಮೀ. ದಾಟಿದ ಯಾವುದೇ ದೂರವನ್ನು 18ರಿಂದ ಗುಣಿಸಿದರೆ ಬಾಡಿಗೆ ಬಂತು: 5 ಕಿ.ಮೀ.ಗೆ 90, 10 ಕಿ.ಮೀ.ಗೆ 180, 15 ಕಿ.ಮೀ.ಗೆ 270 ರೂಪಾಯಿ. ರಾತ್ರಿ 10ರಿಂದ ಬೆಳಿಗ್ಗೆ 5ರ ತನಕ ಇದರ ಒಂದೂವರೆ ಪಟ್ಟು. ಸಾಮಾನು 20 ಕೆ.ಜಿ. ತನಕ ಉಚಿತ.

ಟ್ಯಾಕ್ಸಿಗೆ 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ನಿಗದಿ ಮಾಡಿದ ದರ ಗಾಡಿಯ ಬೆಲೆಯ ಮೇಲೆ ನಿಂತಿದೆ. 10 ಲಕ್ಷ ರೂಪಾಯಿಯೊಳಗಿನ ಕಾರಿಗೆ ಮೊದಲ 4 ಕಿ.ಮೀ.ಗೆ 100, ಆಮೇಲೆ ಕಿ.ಮೀ.ಗೆ 24 ರೂಪಾಯಿ. 10ರಿಂದ 15 ಲಕ್ಷದ ಕಾರಿಗೆ 115 ಮತ್ತು 28. 15 ಲಕ್ಷ ದಾಟಿದ್ದಕ್ಕೆ 130 ಮತ್ತು 32. ರಾತ್ರಿ 12ರಿಂದ ಬೆಳಿಗ್ಗೆ 6ರ ತನಕ ಶೇ 10 ಹೆಚ್ಚು. ನಗರದ ನಡುಭಾಗದಿಂದ ಸುಮಾರು 35 ಕಿ.ಮೀ. ದೂರದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಸಣ್ಣ ಕಾರಿನಲ್ಲಿ ಈ ದರದಂತೆ 844 ರೂಪಾಯಿ, ಟೋಲ್ ಬೇರೆ.

ರಾತ್ರಿ ಬಸ್ಸಿನಲ್ಲಿ ಬರುವವರು ಒಂದು ಸಂಗತಿ ನೆನಪಿಡಬೇಕು. ಆಟೋದ ರಾತ್ರಿ ದರ ಬೆಳಿಗ್ಗೆ 5ಕ್ಕೆ ಮುಗಿಯುತ್ತದೆ. ಶಿವಮೊಗ್ಗ, ಹುಬ್ಬಳ್ಳಿ, ಮಂಗಳೂರು ಕಡೆಯ ಬಸ್ಸುಗಳಿಂದ ಐದೂವರೆಗೆ ಇಳಿದವರ ಬಳಿ ಇನ್ನೂ ಕತ್ತಲೆ ಇದೆ ಎಂದು "ಒನ್ ಅಂಡ್ ಹಾಫ್" ಕೇಳುವುದು ಮಾಮೂಲು. ಗಡಿಯಾರ ಐದು ದಾಟಿದ್ದರೆ ಅದನ್ನು ಕೊಡಬೇಕಿಲ್ಲ.

ಗಾಡಿ ಹಿಡಿಯುವ ಕ್ರಮ

1. ಗಾಡಿ ಹೋಗುವ ದಿಕ್ಕಿನಲ್ಲಿ ನಿಲ್ಲಬೇಕು. ರಸ್ತೆಯ ಆಚೆ ಬದಿಯಿಂದ ಕರೆದರೆ ಚಾಲಕರು ಯೂ ಟರ್ನ್ ಹುಡುಕಬೇಕು. ಬೆಂಗಳೂರಿನಲ್ಲಿ ಅದು ಒಂದು ಕಿ.ಮೀ. ಸುತ್ತೂ ಆಗಬಹುದು. ಸಿಗ್ನಲ್ ದಾಟಿದ ಮೇಲಿನ ಜಾಗ ಸಿಗ್ನಲ್‌ಗೆ ಮುಂಚಿನ ಜಾಗಕ್ಕಿಂತ ಒಳ್ಳೆಯದು. ಒನ್‌ವೇ ರಸ್ತೆಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

2. ಊರಿನ ಹೆಸರಿನ ಜೊತೆ ಗುರುತು ಹೇಳಬೇಕು. ಬರೀ ಬಡಾವಣೆಯ ಹೆಸರು ಕೇಳಿದ ಚಾಲಕರು ಅದರ ತುತ್ತತುದಿಯನ್ನು ನೆನೆಯುತ್ತಾರೆ. "ಕೆಂಗೇರಿ ಬಸ್ ಟರ್ಮಿನಲ್ ಹತ್ತಿರ", "ಮೇನ್ ರೋಡಲ್ಲೇ, ಮೆಟ್ರೊ ಸ್ಟೇಷನ್ ಎದುರು" ಎಂದರೆ ಅಲ್ಲಿ ಜನ ಇದ್ದಾರೆ, ರಿಟರ್ನ್ ಸಿಗುತ್ತದೆ ಎಂಬುದು ಅವರಿಗೆ ಹೊಳೆಯುತ್ತದೆ. ಗುರುತು ನಿಜವಾಗಿರಬೇಕು.

3. ಮೊದಲು ಕುಳಿತು, "ಮೀಟರ್ ಹಾಕಿ" ಎಂದು ಸಹಜವಾಗಿ ಹೇಳಬೇಕು. "ಮೀಟರ್ ಹಾಕ್ತೀರಾ?" ಎಂದು ಹೊರಗೆ ನಿಂತು ಕೇಳಿದರೆ ಹಾಕದಿರುವ ಆಯ್ಕೆಯನ್ನು ಪ್ರಯಾಣಿಕರೇ ಕೊಟ್ಟಂತೆ. ಆಟೋ ನಿಲ್ದಾಣದಲ್ಲಿ ಸಾಲಿನ ಮೊದಲ ಗಾಡಿಯವರನ್ನೇ ಕೇಳುವುದು ಸರಿ. ಸಾಲು ಮುರಿದು ಹಿಂದಿನವರನ್ನು ಕರೆದರೆ ಅವರವರಲ್ಲೇ ಮಾತು ಬೆಳೆಯುತ್ತದೆ.

4. ಪ್ರಿಪೇಯ್ಡ್ ಕೌಂಟರ್ ತೆರೆದಿದ್ದರೆ ಅದನ್ನೇ ಬಳಸಬೇಕು. ಅಲ್ಲಿ ಚೀಟಿಯಲ್ಲಿ ಊರು, ಬಾಡಿಗೆ, ಗಾಡಿ ಸಂಖ್ಯೆ ಮೂರೂ ದಾಖಲಾಗುವುದರಿಂದ ನಿರಾಕರಣೆಗೆ ಎಡೆ ಕಡಿಮೆ. ಚೀಟಿಯನ್ನು ಇಳಿಯುವ ತನಕ ಕೈಬಿಡಬಾರದು. ಹಣ ಕೊಟ್ಟಾದ ಮೇಲೆ ದಾರಿಯಲ್ಲಿ "ಇನ್ನೈವತ್ತು ಕೊಡಿ" ಎಂದರೆ ಉತ್ತರವಾಗಿ ತೋರಿಸಲು ಇರುವುದು ಅದೊಂದೇ.

5. ವರ್ತುಲ ರಸ್ತೆ ದಾಟಲು ಮೆಟ್ರೊ, ಕೊನೆಯ ದೂರಕ್ಕೆ ಆಟೋ. ಹೊರಬಡಾವಣೆಗೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೇರಳೆ ಮಾರ್ಗ ಪಶ್ಚಿಮದ ಚಲ್ಲಘಟ್ಟದಿಂದ ಪೂರ್ವದ ವೈಟ್‌ಫೀಲ್ಡ್ ತನಕ, ಹಸಿರು ಮಾರ್ಗ ತುಮಕೂರು ರಸ್ತೆಯ ಮಾದಾವರದಿಂದ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆ ತನಕ, 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ಹಾದು ಬೊಮ್ಮಸಂದ್ರದ ತನಕ ಹೋಗುತ್ತವೆ. ನೇರಳೆ ಮತ್ತು ಹಸಿರು ಸೇರುವುದು ಮೆಜೆಸ್ಟಿಕ್‌ನಲ್ಲಿ, ಹಸಿರು ಮತ್ತು ಹಳದಿ ಸೇರುವುದು ಆರ್.ವಿ. ರಸ್ತೆಯಲ್ಲಿ. ಹೊರಗಿನ ನಿಲ್ದಾಣದಲ್ಲಿ ಇಳಿದು ಕರೆಯುವ ಆಟೋದವರು ಅದೇ ಪ್ರದೇಶದವರು. ಎರಡು ಮೂರು ಕಿ.ಮೀ. ಒಳಗೆ ಬಿಟ್ಟು ಮತ್ತೆ ನಿಲ್ದಾಣಕ್ಕೆ ಬಂದರೆ ಮುಂದಿನ ರೈಲಿನ ಜನ ಕಾದಿರುತ್ತಾರೆ. ನಡುಭಾಗದ ಚಾಲಕರು ಒಲ್ಲೆ ಎನ್ನುವ ಬಡಾವಣೆಯೇ ಇವರಿಗೆ ಊಟ ಕೊಡುವ ಜಾಗ.

6. ಊರಿಂದ ಬರುವವರು ಮೆಜೆಸ್ಟಿಕ್ ತನಕ ಬರಲೇಬೇಕೇ ಎಂದು ಯೋಚಿಸಬೇಕು. ಮೈಸೂರು ಕಡೆಯ ಬಸ್ಸಿನವರು ಕೆಂಗೇರಿಯಲ್ಲಿ, ತುಮಕೂರು ಕಡೆಯವರು ಪೀಣ್ಯ ಅಥವಾ ಗೊರಗುಂಟೆಪಾಳ್ಯದಲ್ಲಿ ಇಳಿದರೆ ಮೆಟ್ರೊ ಅಲ್ಲೇ ಸಿಗುತ್ತದೆ. ಮನೆ ಆ ಭಾಗದಲ್ಲೇ ಇದ್ದರೆ ಅಲ್ಲಿಂದ ಆಟೋ ಬಾಡಿಗೆಯೂ ಅರ್ಧಕ್ಕೆ ಇಳಿಯಬಹುದು. ಮೆಟ್ರೊ ಆರಂಭವಾಗುವ ಮುನ್ನ ಇಳಿದ ಮಹಿಳೆಯರು ಮತ್ತು ಹಿರಿಯರು ರಸ್ತೆ ಬದಿಗಿಂತ ಬೆಳಕಿರುವ ದೊಡ್ಡ ನಿಲ್ದಾಣದಲ್ಲಿ ಕಾಯುವುದು ಮೇಲು.

7. ವಿಮಾನ ನಿಲ್ದಾಣಕ್ಕೆ ಬಿಎಂಟಿಸಿಯ ವಾಯು ವಜ್ರ ಬಸ್ಸುಗಳನ್ನು ಮರೆಯಬಾರದು. ನಗರದ ಹಲವು ಭಾಗಗಳಿಂದ ಹೊರಡುವ ಇವುಗಳ ಸಂಖ್ಯೆ ಕೆಐಎ ಅಕ್ಷರಗಳಿಂದ ಶುರುವಾಗುತ್ತದೆ. ಬೆಳಗಿನ ಜಾವದ ವಿಮಾನಕ್ಕೆ ಟ್ಯಾಕ್ಸಿಯವರು ಕೊನೆ ಗಳಿಗೆಯಲ್ಲಿ ಕೈ ಕೊಟ್ಟರೆ ಈ ಬಸ್ಸುಗಳು ಆಸರೆ.

ಆ್ಯಪ್‌ನಲ್ಲಿ ಬುಕ್ ಮಾಡುವಾಗ

ರಸ್ತೆಯಲ್ಲಿ ತಲೆಯಾಡಿಸುವ ಚಾಲಕರ ಜಾಗಕ್ಕೆ ಆ್ಯಪ್‌ನಲ್ಲಿ ಬಂದಿರುವುದು ಒಂದು ಫೋನ್ ಕರೆ: "ಎಲ್ಲಿಗೆ ಡ್ರಾಪ್? ಕ್ಯಾಶಾ, ಆನ್‌ಲೈನಾ?" ಉತ್ತರ ಹಿಡಿಸದಿದ್ದರೆ ಎರಡರಲ್ಲೊಂದು ನಡೆಯುತ್ತದೆ. ಅವರೇ ರದ್ದು ಮಾಡುತ್ತಾರೆ, ಇಲ್ಲವೇ ಗಾಡಿಯನ್ನು ನಕ್ಷೆಯ ಮೇಲೆ ಒಂದೇ ಕಡೆ ನಿಲ್ಲಿಸಿ ಪ್ರಯಾಣಿಕರ ತಾಳ್ಮೆ ಮುಗಿಯುವುದನ್ನು ಕಾಯುತ್ತಾರೆ. ಪ್ರಯಾಣಿಕರೇ ರದ್ದು ಮಾಡಿದರೆ ಶುಲ್ಕ ಅವರ ತಲೆಗೆ, ಚಾಲಕರ ದಾಖಲೆ ಶುದ್ಧ. ಅನಿವಾರ್ಯವಾಗಿ ರದ್ದು ಮಾಡುವಾಗ ಚಾಲಕರೇ ರದ್ದು ಮಾಡಲು ಹೇಳಿದರು ಎಂಬ ಕಾರಣವನ್ನು ಆರಿಸಬೇಕು. ಶುಲ್ಕ ಬಿದ್ದರೆ ಆ್ಯಪ್‌ನ ಸಹಾಯ ವಿಭಾಗದಲ್ಲಿ ಕೂಡಲೇ ಆಕ್ಷೇಪಿಸಬೇಕು. ಮಾತುಕತೆಯನ್ನು ಕರೆಯ ಬದಲು ಆ್ಯಪ್‌ನ ಸಂದೇಶದಲ್ಲೇ ನಡೆಸಿದರೆ ಪುರಾವೆ ಉಳಿಯುತ್ತದೆ.

2022ರ ನವೆಂಬರ್‌ನಲ್ಲಿ ಬಂದ ನಮ್ಮ ಯಾತ್ರಿ ಆ್ಯಪ್ ಚಾಲಕರಿಂದ ಕಮಿಷನ್ ಹಿಡಿಯದೆ, ಬಾಡಿಗೆ ಪೂರ್ತಿ ಅವರಿಗೇ ಸಿಗುವ ಪದ್ಧತಿ ತಂದಿತು. ಉಳಿದ ಆ್ಯಪ್‌ಗಳೂ ಆಟೋಗಳಿಗೆ ದಿನದ ಶುಲ್ಕದ ಪದ್ಧತಿಗೆ ಹೊರಳಿವೆ. ಕಮಿಷನ್ ಹೋದರೂ ನಿರಾಕರಣೆ ಪೂರ್ತಿ ಹೋಗಲಿಲ್ಲ, ಏಕೆಂದರೆ ಖಾಲಿ ವಾಪಸಾತಿಯ ಲೆಕ್ಕ ಹಾಗೆಯೇ ಇದೆ. ಹೊರಬಡಾವಣೆಗೆ ಬುಕ್ ಮಾಡುವಾಗ ಒಳರಸ್ತೆಯಲ್ಲಿ ನಿಂತು ಬುಕ್ ಮಾಡುವುದಕ್ಕಿಂತ ನೂರಿನ್ನೂರು ಮೀಟರ್ ನಡೆದು ಮುಖ್ಯರಸ್ತೆಗೆ ಬಂದು ಬುಕ್ ಮಾಡಿದರೆ ಗಾಡಿ ಬೇಗ ಸಿಗುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹತ್ತಿರದ ಊರು ಹೇಳಿ ಹತ್ತಿ, ಆಮೇಲೆ "ಇನ್ನು ಸ್ವಲ್ಪ ಮುಂದೆ" ಎನ್ನುತ್ತ ಎಳೆಯುವುದು ಮೊದಲ ತಪ್ಪು. ಜಾಣತನದಂತೆ ಕಂಡರೂ ಇದು ನಡುದಾರಿಯ ಜಗಳಕ್ಕೆ ನೇರ ದಾರಿ, ಮತ್ತು ಆಗ ನ್ಯಾಯ ಪ್ರಯಾಣಿಕರ ಕಡೆ ಇರುವುದಿಲ್ಲ.

"ಆ್ಯಪ್‌ನಲ್ಲಿ ಕ್ಯಾನ್ಸಲ್ ಮಾಡಿ, ಹಾಗೇ ಬನ್ನಿ, ಅಷ್ಟೇ ಕೊಡಿ" ಎಂಬ ಮಾತಿಗೆ ಒಪ್ಪುವುದು ಇನ್ನೊಂದು. ರದ್ದಾದ ಕ್ಷಣದಿಂದ ಆ ಪ್ರಯಾಣಕ್ಕೆ ದಾಖಲೆ ಇಲ್ಲ. ಯಾವ ಗಾಡಿ, ಯಾವ ದಾರಿ ಎಂಬುದು ಯಾರಿಗೂ ತಿಳಿಯದು. ರಾತ್ರಿ ಹೊತ್ತು ಒಬ್ಬರೇ ಇದ್ದಾಗ ಇದಕ್ಕೆ ಒಪ್ಪಲೇಬಾರದು. ಗಾಡಿ ಕಣ್ಣೆದುರು ಬಂದು, ಸಂಖ್ಯೆ ತಾಳೆಯಾದ ಮೇಲಷ್ಟೇ ಓಟಿಪಿ ಹೇಳಬೇಕು.

"ಮೀಟರ್ ಮೇಲೆ ಇಪ್ಪತ್ತು" ಎಂಬ ಕೋರಿಕೆಯನ್ನು ಒಪ್ಪುವುದು ತಪ್ಪೇ? ಕಾನೂನಿನ ಕಣ್ಣಲ್ಲಿ ಅದನ್ನು ಕೇಳುವಂತಿಲ್ಲ. ಆದರೆ ಮಳೆಯ ರಾತ್ರಿ, ಒಳಬಡಾವಣೆಗೆ, ಮೀಟರ್ ಹಾಕಿಯೇ ಬಂದು ಇಪ್ಪತ್ತು ಹೆಚ್ಚು ಕೇಳಿದವರಿಗೆ ಮನಸ್ಸಿನಿಂದ ಕೊಡುವುದರಲ್ಲಿ ಅನ್ಯಾಯವೇನೂ ಇಲ್ಲ. ಮೀಟರ್ ಹಾಕದೆ ಎರಡು ಪಟ್ಟು ಕೇಳುವುದು ಬೇರೆ ಸಂಗತಿ. ಅದಕ್ಕೆ ಒಪ್ಪಿದರೆ ಅದೇ ರಸ್ತೆಯಲ್ಲಿ ಮುಂದೆ ನಿಲ್ಲುವವರಿಗೂ ಅದೇ ದರವಾಗುತ್ತದೆ.

ಮೀಟರನ್ನು ಕಣ್ಣು ಮುಚ್ಚಿ ನಂಬುವುದೂ ತಪ್ಪೇ. ದರ ಬದಲಾದಾಗ ಪ್ರತಿ ಮೀಟರನ್ನೂ ಹೊಸ ದರಕ್ಕೆ ಹೊಂದಿಸಿ, ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಮುದ್ರೆ ಹಾಕಿಸಬೇಕು. ಹತ್ತಿದ ಕೂಡಲೇ ಅಂಕಿ 36ರಿಂದ ಶುರುವಾಗಿದೆಯೇ, 2 ಕಿ.ಮೀ. ಆಗುವ ಮುನ್ನವೇ ಜಿಗಿಯುತ್ತಿದೆಯೇ ಎಂದು ಗಮನಿಸಿದರೆ ಸಾಕು. ಫೋನಿನ ನಕ್ಷೆ ತೋರಿಸುವ ದೂರವನ್ನು 18ರಿಂದ ಗುಣಿಸಿ ಬಂದ ಮೊತ್ತಕ್ಕೂ ಮೀಟರಿಗೂ ಬಹಳ ಅಂತರವಿದ್ದರೆ ಮೀಟರ್ ಕೆಟ್ಟಿದೆ ಅಥವಾ ಕೆಡಿಸಲಾಗಿದೆ.

ದೂರು ಕೊಡುವುದಾದರೆ

ನಿರಾಕರಿಸಿದ ಗಾಡಿಯ ನೋಂದಣಿ ಸಂಖ್ಯೆ, ಜಾಗ, ದಿನಾಂಕ, ಸಮಯ, ಹೋಗಬೇಕಿದ್ದ ಊರು, ಚಾಲಕರು ಕೇಳಿದ ಹಣ ಇವಿಷ್ಟೂ ದೂರಿನಲ್ಲಿ ಇರಬೇಕು. ಹತ್ತಿದ ಮೇಲೆ ತಕರಾರು ಬಂದರೆ, ಚಾಲಕರ ಆಸನದ ಹಿಂದೆ ಇರಬೇಕಾದ ಡಿಸ್‌ಪ್ಲೇ ಕಾರ್ಡಿನ ಚಿತ್ರ ತೆಗೆದುಕೊಳ್ಳಬೇಕು. ಅದರಲ್ಲಿ ಚಾಲಕರ ಹೆಸರು, ಭಾವಚಿತ್ರ ಇರುತ್ತದೆ. ಕಾರ್ಡು ಇಲ್ಲದಿದ್ದರೆ ಆ ಸಂಗತಿಯನ್ನೇ ದೂರಿನಲ್ಲಿ ಬರೆಯಬಹುದು. ದೂರನ್ನು ಬೆಂಗಳೂರು ಸಂಚಾರ ಪೊಲೀಸರಿಗೆ ಅವರ ಆ್ಯಪ್ ಅಥವಾ ಹತ್ತಿರದ ಸಂಚಾರ ಠಾಣೆಯ ಮೂಲಕ ಕೊಡಬಹುದು. ಪರ್ಮಿಟ್‌ಗೆ ಸಂಬಂಧಿಸಿದ್ದು ಪ್ರಾದೇಶಿಕ ಸಾರಿಗೆ ಕಚೇರಿಗೆ, ಮೀಟರ್ ಮೋಸ ಮಾಪನಶಾಸ್ತ್ರ ಇಲಾಖೆಗೆ ಹೋಗಬೇಕು.

ಸ್ಥಳದಲ್ಲೇ ಸಂಚಾರ ಪೊಲೀಸರಿದ್ದರೆ ಅವರ ಎದುರಲ್ಲಿ ಗಾಡಿ ಕರೆಯುವುದು ಎಲ್ಲಕ್ಕಿಂತ ಬೇಗ ಫಲ ಕೊಡುತ್ತದೆ. ಪೊಲೀಸರ ಮುಂದೆ "ರಿಟರ್ನ್ ಸಿಗಲ್ಲ" ಎಂಬ ಮಾತು ಬರುವುದು ಕಡಿಮೆ.

ಚಾಲಕರ ಮುಖಕ್ಕೆ ಫೋನ್ ಹಿಡಿದು ವಿಡಿಯೊ ಮಾಡುತ್ತ ಬೆದರಿಸುವುದು, ಕೀ ಕಸಿಯುವುದು, ಗಾಡಿಗೆ ಅಡ್ಡ ನಿಲ್ಲುವುದು ಬೇಡವೇ ಬೇಡ. ಮಾತು ಬೆಳೆದು ಕೈ ಮಿಲಾಯಿಸಿದ ಮೇಲೆ ನಿರಾಕರಣೆಯ ಪ್ರಕರಣ ಹಿಂದೆ ಸರಿದು ಹೊಡೆದಾಟದ ಪ್ರಕರಣ ಮುಂದೆ ಬರುತ್ತದೆ. ಬೆದರಿಕೆ ಅಥವಾ ಅಪಾಯ ಕಂಡರೆ ಕೂಡಲೇ 112ಕ್ಕೆ ಕರೆ ಮಾಡಬೇಕು. ಬಾಡಿಗೆಯ ನ್ಯಾಯ ಆಮೇಲೆ ನೋಡಿಕೊಳ್ಳಬಹುದು.

ನೂರು ಜನ ನಿರಾಕರಣೆಗೆ ಸಿಕ್ಕಿದರೆ ಬರೆದು ದೂರು ಕೊಡುವವರು ಒಬ್ಬಿಬ್ಬರು. ಯಾವ ಬಡಾವಣೆಗೆ, ಯಾವ ಹೊತ್ತಿಗೆ ಗಾಡಿ ಸಿಗುವುದಿಲ್ಲ ಎಂಬ ದೂರುಗಳು ಒಂದೇ ಪ್ರದೇಶದಿಂದ ಮತ್ತೆ ಮತ್ತೆ ಬಂದರೆ ಅಲ್ಲಿಗೆ ಬಿಎಂಟಿಸಿ ಫೀಡರ್ ಬಸ್ಸು ಕೇಳಲು, ಆಟೋ ನಿಲ್ದಾಣ ಕೇಳಲು ಆಧಾರ ಸಿಗುತ್ತದೆ. ಆದ್ದರಿಂದ ಬಡಾವಣೆಯ ನಿವಾಸಿಗಳ ಸಂಘಗಳು ಸದಸ್ಯರ ದೂರುಗಳನ್ನು ದಿನಾಂಕ, ಸಮಯದ ಸಮೇತ ಒಂದೆಡೆ ಸೇರಿಸಿ ಸಂಚಾರ ಪೊಲೀಸರಿಗೂ ಬಿಎಂಟಿಸಿಗೂ ಒಟ್ಟಿಗೆ ಸಲ್ಲಿಸಬೇಕು.